ವೀಳ್ಯ ಕೊಟ್ಟವನನ್ನು ತಡೆದದ್ದು

ಕಮಲಾಪುರದ ಬಸ್ ನಿಲ್ದಾಣದ ಎದುರು ಇಪ್ಪತ್ತೆಂಟು ವರ್ಷ ಕೆಂಪು ಬಾಳೆಹಣ್ಣು ಮಾರಿದ ಕಸ್ತೂರಿಬಾಯಿಗೆ ಬೈಗುಳ ಹೊಸದಲ್ಲ. ಚೌಕಾಸಿಯ ಗಿರಾಕಿ, ಬುಟ್ಟಿ ಒದೆಯುವ ಡ್ರೈವರ್, ಜಾಗ ಬಿಡು ಎನ್ನುವ ಪಂಚಾಯಿತಿಯವರು, ಎಲ್ಲರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಟ್ಟು ಬದುಕಿದವಳು. ನಯವಾಗಿ ಮಾತಾಡಿ ಚರ್ಮ ಸುಲಿಯುವವರನ್ನು ಮಾತ್ರ ಆಕೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಗಂಡ ಖಂಡೆಪ್ಪನ ಪುಪ್ಪುಸ ಪೂರ್ತಿ ಕೆಟ್ಟು, ಇನ್ನು ಔಷಧವಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು. ಅವರ ಮನೆತನದಲ್ಲಿ ವಿಭೂತಿವೀಳ್ಯದ ಪದ್ಧತಿ ಇನ್ನೂ ಉಳಿದಿತ್ತು. ಹೊರಡುವ ಕಾಲ ಬಂತೆಂದು ತಿಳಿದವನು ಮೈ ತೊಳೆದು, ವಿಭೂತಿ ಧರಿಸಿ, ಅಯ್ಯನವರಿಗೂ ತನ್ನವರಿಗೂ ವೀಳ್ಯ ಕೊಟ್ಟು ಅಪ್ಪಣೆ ಪಡೆಯುತ್ತಾನೆ. ಖಂಡೆಪ್ಪ ಅದನ್ನು ಪೂರ್ಣ ಎಚ್ಚರದಲ್ಲೇ ಮಾಡಿದ. ತಮ್ಮ ಸೂರ್ಯಕಾಂತನ ಕೈಗೆ ಎಲೆ ಅಡಿಕೆ ಇಟ್ಟು, "ಇನ್ನ ನನ್ನ ದವಾಖಾನಿಗೆ ಒಯ್ಯಬ್ಯಾಡ್ರಿ" ಎಂದ. ಸೂರ್ಯಕಾಂತ ಅಳುತ್ತಲೇ ಎಲೆ ಬಾಯಿಗಿಟ್ಟುಕೊಂಡ.

ಮೂರನೆಯ ದಿನ ಬೆಳಿಗ್ಗೆ ಉಸಿರು ಗೊರಗೊರ ಎನ್ನತೊಡಗಿದಾಗ ಕಸ್ತೂರಿಬಾಯಿಗೆ ನೋಡಲಾಗಲಿಲ್ಲ. ವೀಳ್ಯ ಕೊಟ್ಟವನಿಗೆ ಆಂಬುಲೆನ್ಸ್ ಕರೆದಳು! ಮಧ್ಯಾಹ್ನದೊಳಗೆ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಖಂಡೆಪ್ಪನ ಬಾಯಿಯ ಮೂಲಕ ಗಂಟಲಿಗೆ ಉಸಿರಾಟದ ಯಂತ್ರದ ನಳಿಕೆ ಇಳಿದಿತ್ತು. ಕಿತ್ತುಕೊಳ್ಳಬಾರದೆಂದು ಕೈ ಕಟ್ಟಿದ್ದರು. ಆಕೆ ಮಾಡಿದ ತಪ್ಪು ಇದೊಂದೇ.

ಹದಿನಾರನೆಯ ದಿನ, ನಳಿಕೆ ತೆಗೆಯಿರಿ ಎಂದಳು. ಗುಣವಾಗುವುದಿಲ್ಲವೆಂದು ಡಾಕ್ಟರೂ ಒಪ್ಪಿದರು. ಆದರೆ ಖಂಡೆಪ್ಪ ಏನನ್ನೂ ಬರೆದಿಟ್ಟಿರಲಿಲ್ಲ, ಹಾಗಾಗಿ ತಮ್ಮನೂ ಸಹಿ ಹಾಕಲಿ ಎಂದರು. ಸೂರ್ಯಕಾಂತ ಇಂದು ನಾಳೆ ಎಂದು ತಳ್ಳಿದ. ಅಷ್ಟರಲ್ಲಿ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬಿದ್ದು, 'ಗಂಡನ ನುಂಗಾಕಿ' ಎಂಬ ಬಿರುದೂ ಆಕೆಗೆ ಬಂತು. ಅದನ್ನು ಬರೆದವರಲ್ಲಿ ಒಬ್ಬನೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.

ಆಗ ಬಂದರು ನಿವೃತ್ತ ಪ್ರಾಧ್ಯಾಪಕ ವಿವೇಕಾನಂದರು. ಶರಣಬಸವೇಶ್ವರ ಗುಡಿಯ ಹತ್ತಿರದ ಸಭಾಂಗಣದಲ್ಲಿ ಘನತೆಯ ಸಾವಿನ ಬಗ್ಗೆ ಸೌಹಾರ್ದ ಸಂವಾದವಂತೆ. "ನಿಮ್ಮ ಮೈದುನನ್ನೂ ಕರೀತೀವಿ, ತಾಯಿ. ಎಲ್ಲಾರ ಮುಂದ ಮಾತಾಡಿ ಮುಗಸ್ರಿ" ಎಂದರು. ನಾಲ್ಕು ಜನರ ಎದುರು ಸೂರ್ಯಕಾಂತ ಒಪ್ಪಿಯಾನು ಎಂಬ ಒಂದೇ ಆಸೆಗೆ ಕಸ್ತೂರಿಬಾಯಿ ಹೋದಳು.

ಮುನ್ನೂರು ಜನ. ವಿವೇಕಾನಂದರು ತಮ್ಮ ಕೈಯಾರೆ ಆಕೆಗೆ ನೀರು ಕೊಟ್ಟರು. ಆಮೇಲೆ ಮೈಕಿನಲ್ಲಿ ಜೇನು ಸುರಿಸಿದರು: "ತಾಯಿ, ನಿಮ್ಮ ಮ್ಯಾಲ ನಮಗ ಭಾಳ ಗೌರವ ಅದ. ಒಂದು ಸಣ್ಣ ಪ್ರಶ್ನಿ, ತಪ್ಪು ತಿಳ್ಕೋಬ್ಯಾಡ್ರಿ. ಹಣ್ಣು ಕಪ್ಪಾದ್ರ ಬಿಸಾಕ್ತೀರಿ. ಗಂಡನ್ನೂ ಹಂಗೇ ಏನ್ರಿ?"

ಸಭೆ ನಕ್ಕಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು: "ನಿದ್ದಿ ಹೆಂಗ ಬರ್ತದ್ರಿ ಅಕ್ಕಾ ನಿಮಗ?" ಅದಕ್ಕೂ ಚಪ್ಪಾಳೆ. ಥೂ, ಇದಕ್ಕಿಂತ ಬಸ್ ನಿಲ್ದಾಣದ ಬೈಗುಳ ಎಷ್ಟೋ ವಾಸಿ.

"ಹೌದ್ರಿ ಸರ್, ನಾ ಹಣ್ಣು ಮಾರಾಕಿ," ಎಂದಳು ಕಸ್ತೂರಿಬಾಯಿ. "ಅವರು ವೀಳ್ಯ ಕೊಟ್ಟು ಹೊಂಟಿದ್ರು. ನಾನೇ ಅಂಜಿ ತಡದೆ. ಸೂರ್ಯಕಾಂತ, ಆ ದಿನ ಅಣ್ಣನ ಕೈಲಿಂದ ನೀನೂ ವೀಳ್ಯ ಇಸ್ಕೊಂಡಿ. ಏನಂದ್ರು? ಇವರಿಗೆ ಹೇಳಪ್ಪ."

ಸೂರ್ಯಕಾಂತ ಎದ್ದು ನಿಂತ. ಮುನ್ನೂರು ಮುಖಗಳು ಅವನ ಕಡೆ ತಿರುಗಿದವು. ವಿವೇಕಾನಂದರು ಮುಗುಳ್ನಗುತ್ತಿದ್ದರು.

"ನನಗ ನೆನಪಿಲ್ಲ, ವೈನಿ."

ಭಿನ್ನಾಭಿಪ್ರಾಯವಿದ್ದರೂ ಸಭೆ ಬಹಳ ಸಭ್ಯವಾಗಿ ನಡೆಯಿತೆಂದು ವಂದನಾರ್ಪಣೆಯಲ್ಲಿ ಹೊಗಳಿಕೊಂಡರು. ಖಂಡೆಪ್ಪ ಇನ್ನೂ ಹನ್ನೊಂದು ದಿನ ಹಾಗೇ ಇದ್ದ. ಎರಡು ತಾಸಿಗೊಮ್ಮೆ ನಳಿಕೆಯಿಂದ ಕಫ ಎಳೆಯುವಾಗ ಇಡೀ ಮೈ ಎಗರುತ್ತಿತ್ತು, ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಹನ್ನೊಂದನೆಯ ದಿನ ಯಂತ್ರ ಓಡುತ್ತಿರುವಾಗಲೇ ಹೋದ. 'ಕೊನೆಯವರೆಗೂ ಹೋರಾಡಿದ ಚೇತನ' ಎಂದು ವಾಟ್ಸಾಪ್ ಗುಂಪು ಕೈ ಮುಗಿಯಿತು.

ಮಣ್ಣಾದ ಮರುವಾರ ಸೂರ್ಯಕಾಂತ ಮನೆಗೆ ಬಂದು ತಲೆ ತಗ್ಗಿಸಿ ನಿಂತ.

"ವೈನಿ, ಎಲ್ಲಾ ನೆನಪಿತ್ತು. ಅಷ್ಟು ಮಂದಿ ನೋಡ್ಲಕತ್ತಿದ್ರು, ಬಾಯಿ ಬರಲಿಲ್ಲ. ಇನ್ನೊಂದು ನಾಕು ದಿನ, ಏನಾಗ್ತದ ಅನ್ಕೊಂಡೆ."

ಆಕೆ ಕುರ್ಚಿ ಎಳೆದು ಹಾಕಿದಳು. "ಕೂಡು. ಬಾಯಿ ತೆರಿ. ನಾ ಚಾ ಕಾಸಿ ತರೋತನ ಮುಚ್ಚಬ್ಯಾಡ, ಉಗುಳೂ ನುಂಗಬ್ಯಾಡ."

ಅವನು ಕೂತು ಬಾಯಿ ತೆರೆದ. ಆಕೆ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟು, ಬಾಗಿಲಿಗೆ ಬಂದು ನೋಡಿದಳು. ಬಾಯಿ ಮುಚ್ಚಿ, ಅಂಗೈಯಿಂದ ಜೊಲ್ಲು ಒರೆಸಿಕೊಳ್ಳುತ್ತಿದ್ದ.

"ನೀರು ಇನ್ನಾ ಕಾದಿಲ್ಲ," ಎಂದಳು ಕಸ್ತೂರಿಬಾಯಿ. "ನೀ ಮುಚ್ಚಿಕೊಂಡಿ. ಅವರಿಗೆ ಮುಚ್ಚಲಾಕ ಬರ್ತಿರಲಿಲ್ಲ."