ಒಸಡಿನ ಸುತ್ತ ಒಂದೆಳೆ ದಾರ

ಇವತ್ತು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗಿತ್ತು. ಎಡಗಡೆ ಮೂಲೆಯ ಒಸಡು. ನಾಲ್ಕು ದಿನ ಆ ಕಡೆ ಬ್ರಷ್ ಒಯ್ಯುವುದೇ ಬೇಡ ಅಂದುಕೊಂಡೆ ನೋಡಿ, ಬ್ಯಾಡಗಿಯ ಅತ್ತೆ ನೆನಪಾದಳು.

ನಾನು ಅವಳ ಮನೆಯಲ್ಲೇ ಇದ್ದ ಕಾಲ, ಅತ್ತೆ ರವಿಕೆ ಹೊಲಿಯುತ್ತಿದ್ದಳು. ಕತ್ತರಿ ಮಷೀನಿನ ಮೇಲೇ ಇದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುವಳು. ಕೊನೆಗೊಂದು ದಿನ ಆ ಮುಂದಿನ ಹಲ್ಲೇ ಅರ್ಧಕ್ಕೆ ಮುರಿಯಿತು. ಊರಿಗೆಲ್ಲ ಕೇಳುವಂತೆ ನಗುತ್ತಿದ್ದವಳು, ನಗು ಬಂದರೆ ಬಾಯಿಗೆ ಸೆರಗು ಒತ್ತತೊಡಗಿದಳು. ಮಗಳು ಬಸುರಿ, ಹೊಸ ರವಿಕೆ ತೊಡಿಸುವ ಕುಬಸ ಹತ್ತಿರ ಬಂದಿತ್ತು.

"ಬೀಗರ ಮುಂದ ಹಿಂಗ ಬಾಯಿ ಮುಚ್ಕೊಂಡ ಕುಂಡ್ರಲೇನ?" ಅಂದಳು.

ಹಲ್ಲಿನ ಡಾಕ್ಟರಮ್ಮನಿಗೆ ತೋರಿಸಲು ರಾಣೆಬೆನ್ನೂರಿಗೆ ಹೊರಟೆವು. ಆಗ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿಯೇ ಅರ್ಧ ಹಲ್ಲಿನ ಡಾಕ್ಟರಾಗಿದ್ದೆ. "ಹಲ್ಲು ಅರೆದು ಸಣ್ಣ ಮಾಡ್ತಾರ ಅತ್ತಿ. ಒಸಡಿನ ಸಂದ್ಯಾಗ ದಾರ ತುರುಕಿ ಅಳತಿ ತಗೋತಾರ. ಆಮ್ಯಾಲೆ ಆ ಹಲ್ಲಿನ ಮ್ಯಾಲೆ ಹೊಸ ಹಲ್ಲಿನಂಥಾ ಟೋಪಿ!" ಎಂದು ಬಸ್ಸಿಗೆಲ್ಲ ಪಾಠ ಮಾಡಿದೆ.

"ಸುಮ್ನ ಕುಂದ್ರ ಖೋಡಿ, ಇಲ್ಲೇ ಇಳದು ಹೋಗ್ತೇನಿ ನೋಡ."

ಡಾಕ್ಟರಮ್ಮ ಹಲ್ಲು ಅರೆದು, ಔಷಧದಲ್ಲಿ ಅದ್ದಿದ ದಾರವನ್ನು ಒಸಡಿನ ಸಂದಿಗೆ ಮೆಲ್ಲಗೆ ಒತ್ತಿದರು. ರಕ್ತ ನಿಲ್ಲಲಿಲ್ಲ. ಒರೆಸಿದರು, ಒತ್ತಿ ಹಿಡಿದರು, ಮತ್ತೆ ಜಿನುಗಿತು.

"ಈ ಹಲ್ಲು ತಿಕ್ಕೋದು ಬಿಟ್ಟೀರೇನ್ರಿ ಅಕ್ಕಾರ?"

"ಹೌದ್ರಿ. ತಿಕ್ಕಿದ್ರ ರಕ್ತ ಬರ್ತಿತ್ತು."

"ತಿಕ್ಕೋದು ಬಿಟ್ಟಿದ್ದಕ್ಕ ಒಸಡು ಬಾತು ಇನ್ನಷ್ಟು ಬರಾಕತ್ತೇತ್ರಿ. ಇದರಾಗ ಅಳತಿ ತಗೊಂಡ್ರ ಹಲ್ಲಿನ ಅಂಚು ಮೂಡಂಗಿಲ್ಲ, ಟೋಪಿ ಸರಿ ಕೂಡಂಗಿಲ್ಲ."

"ಹೆಂಗರ ತಗೋರಿ ಯವ್ವಾ, ಮಗಳ ಕುಬಸ ಐತಿ!"

"ಒದ್ದಿ ಅರಿವಿ ಮ್ಯಾಲೆ ನೀವು ಕತ್ತರಿ ಆಡಸ್ತೀರೇನ್ರಿ?"

ಅತ್ತೆ ಒಪ್ಪಿ ತಲೆಯಾಡಿಸಿದಳು. ಡಾಕ್ಟರಮ್ಮ ಸದ್ಯಕ್ಕೊಂದು ಪ್ಲಾಸ್ಟಿಕ್ ಟೋಪಿ ಕೂಡಿಸಿ, ಮೆತ್ತನೆಯ ಬ್ರಷ್ ಹಿಡಿದು ಒಸಡಿನ ಅಂಚಿಗೇ ಉಜ್ಜುವುದನ್ನು ತೋರಿಸಿ ಕಳಿಸಿದರು.

ಮರುದಿನದಿಂದ ಬಚ್ಚಲಿನಿಂದ ವರದಿ ಶುರುವಾಯಿತು. ದಾರಕ್ಕೂ ಬಟ್ಟೆಗೂ ಬಣ್ಣ ಹೊಂದಿಸುವ ಹೆಂಗಸು, ನೊರೆಗೂ ಅದೇ ಲೆಕ್ಕ. "ಇವತ್ತ ಮೆಣಸಿನಕಾಯಿ ಕೆಂಪ ಐತೆವಾ." ಆಮೇಲೆ ಒಂದು ದಿನ, "ಗುಲಾಬಿಗೆ ಬಂತ." ಮತ್ತೊಂದು ಬೆಳಿಗ್ಗೆ ಓಣಿಯೇ ಎಚ್ಚರಾಗುವ ಹಾಗೆ, "ಏ, ಬೆಳ್ಳಗ ಐತಿ ಬಾ, ಮಲ್ಲಿಗಿ ಹೂವಿನಂಗ!"

ಮುಂದಿನ ಸಲ ಡಾಕ್ಟರಮ್ಮ ದಾರ ಇಟ್ಟು ತೆಗೆದರು. ಒಸಡು ಒಣಗಿ ಸುಮ್ಮನಿತ್ತು. ಅಳತೆ ಒಂದೇ ಸಲಕ್ಕೆ ಬಂತು. ಕುಬಸಕ್ಕೆ ಮೊದಲೇ ಹಲ್ಲೂ ಬಂತು.

ಮಗಳ ಹಸಿರು ರವಿಕೆಗೆ ಕೊನೆಯ ಹುಕ್ಕು ಹೊಲಿದ ಅತ್ತೆ ದಾರವನ್ನು ಎತ್ತಿ ಹೊಸ ಹಲ್ಲಿಗೇ ಒಯ್ದಳು!

"ಅತ್ತೀ!" ಎಂದು ಚೀರಿದೆ.

ದಾರ ಬಾಯಿಯ ಹತ್ತಿರವೇ ನಿಂತಿತು. ನನ್ನನ್ನು ನೋಡಿದಳು, ಕತ್ತರಿಯನ್ನು ನೋಡಿದಳು, ಜೋರಾಗಿ ನಕ್ಕಳು. ಸೆರಗು ಹೆಗಲ ಮೇಲೇ ಇತ್ತು.

ಅತ್ತೆ ಈಗಿಲ್ಲ. ಇವತ್ತು ಬೆಳಿಗ್ಗೆ ತೊಳೆದಿಟ್ಟಿದ್ದ ಬ್ರಷ್ಷನ್ನು ಮತ್ತೆ ಎತ್ತಿಕೊಂಡು ಆ ಮೂಲೆಗೇ ಹಿಡಿದೆ, ಮೆತ್ತಗೆ. ಉಗುಳಿ ನೋಡಿದೆ. ಮೆಣಸಿನಕಾಯಿ ಕೆಂಪೇನಲ್ಲ, ಗುಲಾಬಿ ಅನ್ನಬಹುದು. ಬಚ್ಚಲಿನಿಂದ ಕೂಗಿ ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ನಿಮಗೆ ಹೇಳಿದೆ.