ಬಲಬದಿ ಮಾತ್ರ ನನ್ನದು

ಮೊನ್ನೆ ಸಾಂಬಾರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಪೀಶಕತ್ತಿಯ ಹಿಡಿ ಟಕ್ ಎಂದಿತು. ಎಡಬದಿಯ ಮರದ ತುಂಡು ಕಳಚಿ ಕೈಗೆ ಬಂತು. ಹಲಗೆಯ ಮೇಲೆ ಕೆಂಪು ಪುಡಿ ಉದುರಿತು. ಮೂಸಿ ನೋಡಿದೆ. ಅರಗು, ಹಂಚಿನ ಪುಡಿ. ಆ ವಾಸನೆ ನಿಜವಾಗಿಯೂ ಇತ್ತೋ, ನೆನಪೇ ಮೂಗಿಗೆ ತಂದು ಹಿಡಿಯಿತೋ ಹೇಳಲಾರೆ. ನನ್ನ ನೆನಪನ್ನು ನಾನು ಅಷ್ಟು ನಂಬುವವನಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ಡೈರಿ ಬರೆಯುವುದು. ಆದರೆ ಆ ಡೈರಿ ಬರೆದವನೂ ನಾನೇ ಅಲ್ಲವೇ ಎಂದು ಹೊಳೆದದ್ದು ಬಹಳ ತಡವಾಗಿ.

"ಹೊಸತು ತರುವ, ಅಪ್ಪ," ಎಂದಳು ಮಗಳು.

"ಇದು ನಾನು ಹಾಕಿದ ಹಿಡಿ."

"ಗೊತ್ತುಂಟು, ಗೊತ್ತುಂಟು. ಅಜ್ಜಿಗೋಸ್ಕರ."

ಈ ಕಥೆಯನ್ನು ಅವಳು ಎಷ್ಟು ಸಲ ಕೇಳಿದ್ದಾಳೋ. ನೀವು ಕೇಳಿಲ್ಲವಲ್ಲ, ಕೇಳಿ.

ಎಪ್ಪತ್ತರ ದಶಕದ ಕೊನೆ. ಎಂ.ಎ. ಮುಗಿಸಿ, ಕೆಲಸ ಸಿಗದೆ, ನಮ್ಮೂರು ಕುಲಶೇಖರದ ಮನೆಯಲ್ಲಿ ಕೂತಿದ್ದೆ. ಆ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಬೆರಳುಗಳು ಮಾತ್ರ ಪೂರ್ತಿ ಮಡಚಲಿಲ್ಲ. ಸಪೂರ ಹಿಡಿಯ ಪೀಶಕತ್ತಿ ಕೈಯಿಂದ ಜಾರುತ್ತಿತ್ತು. ಚಿಕ್ಕಮ್ಮ ಬಂದು ತರಕಾರಿ ಹೆಚ್ಚಿಕೊಟ್ಟರೆ ಅಮ್ಮ ಬಾಗಿಲಲ್ಲಿ ನಿಂತು ನೋಡುವರು. ತಮ್ಮ ಅಡುಗೆಮನೆಯಲ್ಲೇ ನೆಂಟರ ಹಾಗೆ ನಿಂತ ಅವರನ್ನು ನೋಡಲು ನನಗಾಗುತ್ತಿರಲಿಲ್ಲ.

ನೆರೆಮನೆಯ ಲಾಜರಸ್ ಪೊರ್ಬುಗಳು ಹಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸ ಮಾಡಿ ನಿವೃತ್ತರಾದವರು. ಕ್ರೈಸ್ತ ಹಿರಿಯರನ್ನು ನಾವು ತುಳುವರು ಪೊರ್ಬು ಎಂದೇ ಕರೆಯುವುದು. ದಪ್ಪದ ಹಿಡಿಯೊಂದು ಹಾಕಿಕೊಡಿ ಎಂದು ಕತ್ತಿ ಒಯ್ದರೆ, "ಕೆಲಸ ಇಲ್ಲದವ ನೀನು, ನಾನು ಯಾಕೆ ಹಾಕಲಿ ಮಾರಾಯ? ಕಲಿ," ಎಂದರು. ತುಳುವಿನಲ್ಲಿ ಹೇಳಿದ್ದು, ಅದಕ್ಕೆ ಅಂಟಿದ ಕೊಂಕಣಿ ರಾಗವನ್ನು ಕನ್ನಡಕ್ಕೆ ತರುವುದು ನನ್ನಿಂದಾಗದು.

ಮೊದಲು ಒಂದು ಮುಷ್ಟಿ ಹಂಚಿನ ಮಣ್ಣು ಕಲಸಿ ಕೊಟ್ಟರು. "ಇದನ್ನು ಅಮ್ಮನ ಕೈಯಲ್ಲಿ ಹಿಡಿಸಿ ತಾ. ಕೈ ನೋಡದೆ ಹಿಡಿ ಮಾಡುವುದು ಹೇಗೆ?"

"ಈ ಪೊರ್ಬುವಿಗೆ ಮಂಡೆ ಸಮ ಇಲ್ಲ," ಎನ್ನುತ್ತಲೇ ಅಮ್ಮ ಹಿಚುಕಿದರು. ಮಣ್ಣಿನಲ್ಲಿ ನಾಲ್ಕು ಬೆರಳ ಗುಳಿ ಮೂಡಿತು. ಕಿರುಬೆರಳಿನದು ಇದ್ದೂ ಇಲ್ಲದ ಹಾಗೆ.

ಅದನ್ನು ನೋಡಿಕೊಂಡು, ಹಿಡಿಯ ಎರಡು ಬದಿಗೆಂದು ಹಲಸಿನ ಮರದ ಎರಡು ತುಂಡುಗಳನ್ನು ಉಜ್ಜಿ ಆಕಾರ ಕೊಡುವುದು ನನ್ನ ಕೆಲಸ. ಪೊರ್ಬುಗಳು ಕೊಟ್ಟ ಎಚ್ಚರಿಕೆ ಒಂದೇ: "ಎರಡೂ ಒಂದೇ ಕಾಲಿನ ಚಪ್ಪಲಿ ಆಗಬಾರದು, ಎಂಎ ಮಾಷ್ಟ್ರೇ. ಒಳಬದಿಯಲ್ಲಿ ಎಡ, ಬಲ ಅಂತ ಬರ್ಕೊಳ್ಳಿ."

ಬರೆದೆ. ಮೂರು ದಿನ ಉಜ್ಜಿದೆ. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಮುಗಿದ ಮೇಲೆ ತುಂಡುಗಳನ್ನು ಡೈರಿಯ ಪುಟದಲ್ಲಿ ಒಳಮೈ ಕೆಳಗಾಗಿ ಇಟ್ಟು ಸುತ್ತ ಪೆನ್ಸಿಲ್ ಎಳೆದುಕೊಂಡೆ. ಅಷ್ಟು ಹೆಮ್ಮೆ.

ಪೊರ್ಬುಗಳು ಎರಡನ್ನೂ ಎತ್ತಿ, ತಿರುಗಿಸಿ, ಒಂದು ಚಿಟಿಕೆ ನಶ್ಯ ಏರಿಸಿದರು. "ಚಂದ ಉಂಟು. ಇಲ್ಲೇ ಇಟ್ಟು ಹೋಗು, ನಾಳೆ ಅಂಟಿಸುವ."

ಮರುದಿನ ಹೋದಾಗ ಅರಗು ಕರಗಿಸಿ, ಹಂಚಿನ ಪುಡಿ ಬೆರೆಸಿ ತಯಾರಾಗಿ ಕೂತಿದ್ದರು. ತುಂಡುಗಳಿಗೆ ಅದನ್ನು ಮೆತ್ತಿ, ಅಲಗಿನ ಬಾಲದ ಎರಡೂ ಬದಿಗೆ ಒತ್ತಿ, ತೂತುಗಳಲ್ಲಿ ಹಿತ್ತಾಳೆ ಮೊಳೆ ತೂರಿಸಿದರು. ಮೊಳೆಯ ತುದಿ ಚಪ್ಪಟೆ ಮಾಡಲು ಸುತ್ತಿಗೆ ನನ್ನ ಕೈಗೆ ಬಂತು. "ಮೆಲ್ಲ, ಮೆಲ್ಲ! ಮಗುವನ್ನು ತಟ್ಟಿ ಮಲಗಿಸಿದ ಹಾಗೆ."

ಅಮ್ಮ ಕತ್ತಿ ಹಿಡಿದರು. ಜಾರಲಿಲ್ಲ. ಇಡೀ ಸೌತೆಕಾಯಿಯನ್ನು ಯಾರ ಕೈಗೂ ಕೊಡದೆ ತಾವೇ ಹೆಚ್ಚಿದರು. ಆಮೇಲೆ ಹಿಡಿಯ ಎಡಬದಿ ಸವರಿ, "ಈ ಬದಿ ಭಾರೀ ನಯ ಆಗಿದೆ ಮಗಾ," ಎಂದರು. ಬೇಲಿಯಾಚೆಯಿಂದ ಪೊರ್ಬುಗಳು, "ಎಲ್ಲ ನಿಮ್ಮ ಮಗನದ್ದೇ ಕೆಲಸ!" ಎಂದು ಕೂಗಿದರು. ಅಂದಿನ ಡೈರಿಯಲ್ಲಿರುವುದು ಇಷ್ಟೇ: 'ಅಮ್ಮನ ಕತ್ತಿಗೆ ಹಿಡಿ ಹಾಕಿದೆ. ನಾನೇ.'

ಮೊನ್ನೆ ಮೊಳೆ ತೆಗೆದು ಇನ್ನೊಂದು ಬದಿಯನ್ನೂ ಬಿಡಿಸಿ, ಹಳೆಯ ಅರಗು ಕೆರೆದೆ. ಬಲಬದಿಯ ತುಂಡಿನೊಳಗೆ ನನ್ನ ಗುಂಡನೆಯ ಅಕ್ಷರ: 'ಬಲ'. ಎಡಬದಿಯದರೊಳಗೆ ನಡುಗುವ ಗೆರೆಯಲ್ಲಿ: 'ಯೆಡ'. ನಾನು ಎಂದೂ ಹಾಗೆ ಬರೆದವನಲ್ಲ. ಪೊರ್ಬುಗಳು ಎಣ್ಣೆಯನ್ನೂ 'ಯೆಣ್ಣೆ' ಎಂದೇ ಬರೆಯುತ್ತಿದ್ದರು.

ಡೈರಿ ತೆಗೆದೆ. ಎರಡು ಚಿತ್ರಗಳು ಅಕ್ಕಪಕ್ಕ. ಎರಡೂ ಒಂದೇ ಕಡೆಗೆ ಬಾಗಿವೆ; ಸರಿಯಾದ ಜೋಡಿಯಾಗಿದ್ದರೆ ಎದುರುಬದುರು ಬಾಗಬೇಕಿತ್ತು. ಒಂದೇ ಕಾಲಿನ ಎರಡು ಚಪ್ಪಲಿ! ಎಡ ಎಂದು ಬರೆದರೆ ಎಡವೇ ಆಗುತ್ತದೆ ಎಂದು ನಂಬುವುದು ನಮ್ಮಂಥ ಓದಿದವರ ರೋಗ. ಈ ಪುಟವನ್ನು ಎಷ್ಟು ಸಲ ತೆರೆದು ಮೆಚ್ಚಿಕೊಂಡಿದ್ದೇನೋ. ಅಮ್ಮ ಸವರಿ ಹೊಗಳಿದ ಬದಿ ಪೊರ್ಬುಗಳದ್ದು. ನನ್ನ 'ಎಡ' ಅವರ ಒಲೆ ಸೇರಿರಬೇಕು. ಅರಗು ಕರಗಿದ್ದೇ ಆ ಬೆಂಕಿಯಲ್ಲೋ ಏನೋ. ಇದು ಊಹೆ, ಡೈರಿಗೆ ಹಾಕುವುದಿಲ್ಲ. ಅಮ್ಮನಿಗೆ ತಿಳಿದಿತ್ತೇ? ಕೇಳೋಣವೆಂದರೆ ಇಬ್ಬರೂ ಇಲ್ಲ.

ಹೊಸ ಅರಗು ಕರಗಿಸಿದೆ. ಅಂಟಿಸುವ ಮೊದಲು 'ಯೆಡ'ದ ಕೆಳಗೆ 'ಲಾಜರಸ್' ಎಂದು ಬರೆದೆ. ಕಾಗುಣಿತ ತಿದ್ದಲಿಲ್ಲ.

ಮಗಳು ಕತ್ತಿ ಎತ್ತಿಕೊಂಡು ತರಕಾರಿ ಹೆಚ್ಚುತ್ತಾ ಕೀಟಲೆಗೆ ಕೇಳಿದಳು, "ಇದು ಯಾರು ಹಾಕಿದ ಹಿಡಿ ಅಪ್ಪ?"

"ಬಲಬದಿ ನಾನು," ಎಂದೆ.

ಅವಳು ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು, ಈ ಕಥೆಯನ್ನು ಮೊದಲ ಸಲ ಕೇಳುವವಳ ಹಾಗೆ.