ಗೇಟಿನಾಚೆಯ ಅಕ್ಕನ ಅರ್ಜಿ

ರಾಜ್ಯ ಸರ್ಕಾರದ ಕಚೇರಿಯ ಭಾಷಾಂತರಕಾರನನ್ನು ಎಲ್ಲರೂ ಸರದಿಯಪ್ಪ ಎನ್ನುತ್ತಿದ್ದರು. ಯಮನೇ ಬಂದು ನಿಂತರೂ ಟೋಕನ್ ಕೇಳುವ ಆಸಾಮಿ. ರಾಜ್ಯಕ್ಕೊಂದು ಭಾಷೆ, ಕೇಂದ್ರಕ್ಕೊಂದು ಭಾಷೆ, ನಡುವೆ ಇವನ ಮೇಜು. ಅಲ್ಲಿನ ಕಾಗದದ ರಾಶಿಗೆ ಹೆದರಿ ಫ್ಯಾನೇ ಮೆಲ್ಲಗೆ ತಿರುಗುತ್ತಿತ್ತು. ಮಂತ್ರಿಯ ಭಾವಮೈದುನನ ಕಾಗದವಾದರೂ ಬಂದ ಸರದಿಯಲ್ಲೇ ಭಾಷಾಂತರ. ಮೂವತ್ತು ವರ್ಷ ಅದೇ ಅವನ ಮರ್ಯಾದೆ.

ಊರಿನಲ್ಲಿ ಅವನ ಅಕ್ಕನ ಮನೆ ರೈಲು ಹಳಿಯ ಆಚೆ, ಆಸ್ಪತ್ರೆ ಈಚೆ. ಅಕ್ಕನದು ದುರ್ಬಲ ಹೃದಯ. ನಡುವಿನ ಗೇಟು ಹಾಕಿದರೆ, ಎದುರುಬದುರು ನಿಂತವರಲ್ಲಿ ಸಂಬಂಧ ಕುದುರಿ, ತೆಗೆಯುವಷ್ಟರಲ್ಲಿ ಅವರ ಮಕ್ಕಳಿಗೆ ಮೀಸೆ ಮೂಡುತ್ತಿತ್ತು. ರಸ್ತೆಯೂ ಆಂಬುಲೆನ್ಸೂ ರಾಜ್ಯದ್ದು. ಹಳಿಯೂ ಗೇಟಿನ ಬೀಗವೂ ಕೇಂದ್ರದ್ದು. ಆಂಬುಲೆನ್ಸ್ ಹೊರಟಾಗ ಗೇಟಿನವನಿಗೆ ಫೋನ್ ಹೋಗಲಿ, ರೈಲು ದೂರವಿದ್ದರೆ ಅವನು ಗೇಟು ತೆಗೆಯಲಿ ಎಂದು ಅಕ್ಕ ರಾಜ್ಯಕ್ಕೆ ಅರ್ಜಿ ಬರೆದಳು. ಅಪ್ಪಣೆ ಕೊಡಬೇಕಾದ್ದು ಕೇಂದ್ರ. ಹಾಗಾಗಿ ಅರ್ಜಿ ತಮ್ಮನ ಮೇಜಿಗೇ ಬಂತು.

"ನನ್ನ ಕಾಗದ ಸ್ವಲ್ಪ ಮೇಲಿಡೋ," ಅಕ್ಕ ಫೋನಿನಲ್ಲಿ ಕೇಳಿದಳು.

"ಎಲ್ಲರೂ ಯಾರಿಗೋ ಅಕ್ಕಂದಿರೇ ಕಣೇ."

"ಆಯ್ತಪ್ಪ ಧರ್ಮರಾಯ. ನನ್ನ ಎದೆಗೂ ಒಂದು ಟೋಕನ್ ಕೊಡು, ಸರದಿ ಬರೋವರೆಗೆ ಬಡ್ಕೊಳ್ತಿರಲಿ."

ಇಬ್ಬರೂ ನಕ್ಕರು.

ಅರ್ಜಿ ಮೇಜಿಗೆ ಬಂದ ಹದಿನೈದನೆಯ ದಿನ ಮಧ್ಯಾಹ್ನ ಅಕ್ಕನನ್ನು ಹೊತ್ತ ಆಂಬುಲೆನ್ಸ್ ಹಾಕಿದ ಗೇಟಿನ ಮುಂದೆ ನಿಂತಿತು. ಗೂಡ್ಸ್ ಗಾಡಿ ಇನ್ನೂ ಹಿಂದಿನ ನಿಲ್ದಾಣದಲ್ಲೇ ಇತ್ತು. ಅಪ್ಪಣೆಯಿಲ್ಲದೆ ತೆಗೆಯಲು ಗೇಟಿನವನಿಗೆ ಧೈರ್ಯವಾಗಲಿಲ್ಲ. ಅಕ್ಕ ಅಲ್ಲೇ ತೀರಿಕೊಂಡಳು.

ರಜೆ ಮುಗಿಸಿ ಬಂದವನಿಗೆ ಕೆಲವೇ ದಿನಗಳಲ್ಲಿ ಅವಳ ಅರ್ಜಿಯ ಸರದಿ ಬಂತು. 'ನನ್ನ ಜೀವಕ್ಕೆ ಅಪಾಯವಿದೆ' ಎಂಬ ಸಾಲನ್ನು ಇದ್ದ ಹಾಗೆಯೇ ಭಾಷಾಂತರಿಸಿದ. ಒಂದಕ್ಷರ ಸೇರಿಸುವ ಅಧಿಕಾರ ಅವನಿಗಿರಲಿಲ್ಲ. ಕೇಂದ್ರದ ಉತ್ತರ ಬಂದೊಡನೆ ಊರಿಗೆ, ಅಕ್ಕನ ಗಂಡನಿಗೆ ಫೋನ್ ಮಾಡಿದ.

"ಅಪ್ಪಣೆ ಸಿಕ್ಕಿದೆ ಭಾವ. ಇನ್ಮೇಲೆ ಗೇಟು ತೆಗೀತಾರೆ."

"ಕೇಂದ್ರದೋರು ಎಷ್ಟು ದಿನ ತಗೊಂಡ್ರು?"

"ಮೂರು."

"ನಿನ್ನ ಮೇಜಿನ ಮೇಲೆ ಎಷ್ಟು ದಿನ ಇತ್ತು?"

"ಮೂವತ್ತೊಂದು."

ಭಾವ ಫೋನ್ ಇಡಲಿಲ್ಲ. ಈಗಲಾದರೂ ಬೈಯುತ್ತಾರೇನೋ ಎಂದು ಇವನು ಬಹಳ ಹೊತ್ತು ಫೋನನ್ನು ಕಿವಿಗೊತ್ತಿಕೊಂಡೇ ಕೂತಿದ್ದ.